ಹುಳುವಿನ ಲೆಕ್ಕ, ಹಣ್ಣಿನ ಬೆಲೆ

2021ರ ಮಾರ್ಚ್ 1ರಿಂದ ತೈವಾನಿನ ಅನಾನಸ್ ತನ್ನ ಬಂದರಿಗೆ ಬರಕೂಡದೆಂದು ಚೀನಾ ಆಜ್ಞೆ ಹೊರಡಿಸಿತು. ಕೊಟ್ಟ ಕಾರಣ, ಹಣ್ಣಿನಲ್ಲಿ ಹಿಟ್ಟು ತಿಗಣೆ ಸಿಕ್ಕಿದೆ ಎಂಬುದು. ಸಾಗರ, ಸೊರಬದ ಕಡೆ ಅನಾನಸ್ ಬೆಳೆದವರಿಗೆ ಈ ಕೀಟ ಹೊಸದಲ್ಲ. ಬಿಳಿ ಹುಡಿ ಮೆತ್ತಿಕೊಂಡ ಮೈಯಲ್ಲಿ ಎಲೆಯ ಬುಡಕ್ಕೆ ಅಂಟಿ ರಸ ಹೀರುತ್ತದೆ, ಇರುವೆಗಳ ನೆರವಿನಿಂದ ಗಿಡದಿಂದ ಗಿಡಕ್ಕೆ ಹೋಗುತ್ತದೆ, ಹೋದಲ್ಲೆಲ್ಲ ಗಿಡ ಸೊರಗುತ್ತದೆ. ತೈವಾನಿನಿಂದ ಹೊರಹೋಗುತ್ತಿದ್ದ ಅನಾನಸಿನಲ್ಲಿ ಶೇ 90ಕ್ಕೂ ಹೆಚ್ಚು ಪಾಲು ಚೀನಾಕ್ಕೇ ಹೋಗುತ್ತಿತ್ತು. ಸುಗ್ಗಿ ಎದುರಿಗಿತ್ತು, ಆಜ್ಞೆ ಜಾರಿಗೆ ಉಳಿದದ್ದು ಕೆಲವೇ ದಿನ. ತೈವಾನ್ ಇದನ್ನು ರಾಜಕೀಯವೆಂದು ಕರೆಯಿತು, ಸ್ವಂತ ಜನರಿಗೆ ಹೆಚ್ಚು ತಿನ್ನಿರೆಂದು ಕರೆಕೊಟ್ಟಿತು, ಜಪಾನಿಗೆ ಮೊದಲಿಗಿಂತ ಎಷ್ಟೋ ಪಟ್ಟು ಹಣ್ಣು ಕಳಿಸಿತು. ಹಿಟ್ಟು ತಿಗಣೆ ಇದ್ದದ್ದು ಸುಳ್ಳೇನೂ ಇರಲಾರದು. ಆದರೆ ಅದು ಅದಕ್ಕೆ ಮೊದಲೂ ಇತ್ತು.

ಹಣ್ಣಿನ ಜಾಗತಿಕ ವ್ಯಾಪಾರದ ದೊಡ್ಡ ತಕರಾರು ಇಲ್ಲೇ ಇದೆ. ಆಮದು ಮಾಡಿಕೊಳ್ಳುವ ದೇಶ ತನ್ನ ತೋಟಗಳನ್ನು ಕಾಯಲು ಸಸ್ಯ ಆರೋಗ್ಯದ ನಿಯಮ ಮಾಡುತ್ತದೆ. ಅದೇ ನಿಯಮ ತನ್ನ ರೈತರನ್ನು ಪೈಪೋಟಿಯಿಂದ ಕಾಯಲೂ ಒದಗುತ್ತದೆ, ನೆರೆಯವನ ಕೈ ತಿರುಚಲೂ ಒದಗುತ್ತದೆ. ಯಾವ ನಿಯಮ ಯಾವ ಉದ್ದೇಶದ್ದು ಎಂದು ಹೊರಗಿನಿಂದ ಹೇಳುವುದು ಕಷ್ಟ. ಉದ್ದೇಶ ಏನೇ ಇರಲಿ, ಖರ್ಚು ಮಾತ್ರ ಹಣ್ಣು ಕಳಿಸುವ ದೇಶದ್ದು. ಆ ದೇಶದೊಳಗೂ ಅದು ಎಲ್ಲರಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ.

ಸಾಗರ, ಹೊಸನಗರ, ತೀರ್ಥಹಳ್ಳಿಯ ಓದುಗರಿಗೆ ಇದು ದೂರದ ಸಂಗತಿ ಅನ್ನಿಸಬಹುದು. ಇಲ್ಲಿನ ಬದುಕು ನಿಂತಿರುವುದು ಅಡಿಕೆಯ ಮೇಲೆ, ಅದರ ಪೇಟೆ ದೇಶದೊಳಗೇ ಇದೆ. ಆದರೂ ಈ ಮೂರು ತಾಲ್ಲೂಕುಗಳು ಈ ಪ್ರಶ್ನೆಯನ್ನು ಎರಡು ಬದಿಯಿಂದಲೂ ಕಂಡಿವೆ. ಕೇಂದ್ರದ ಒಂದು ಜಿಲ್ಲೆ ಒಂದು ಉತ್ಪನ್ನ ಯೋಜನೆಯಲ್ಲಿ ಶಿವಮೊಗ್ಗಕ್ಕೆ ಸಿಕ್ಕಿರುವುದು ಅನಾನಸ್; ಅದನ್ನು ಹೊರದೇಶಕ್ಕೆ ಕಳಿಸುವ ಮಾತು ಆಗಾಗ ಏಳುತ್ತದೆ. ಇನ್ನೊಂದು ಕಡೆ, ಭೂತಾನಿನ ಹಸಿ ಅಡಿಕೆ ಬಂದರೆ ರೋಗವೂ ಜೊತೆಗೆ ಬರುತ್ತದೆ ಎಂದು ಕೂಗಿದವರೂ ಇದೇ ಊರುಗಳವರು. ಮಾರುವಾಗ ನಿಯಮ ಅಡ್ಡಿ, ಕೊಳ್ಳುವಾಗ ಅದೇ ರಕ್ಷಣೆ. ಇದನ್ನು ಕಪಟವೆಂದು ನಾನು ಹೇಳುವುದಿಲ್ಲ. ಎಲ್ಲ ದೇಶಗಳೂ ಹೀಗೇ ನಡೆದುಕೊಳ್ಳುತ್ತವೆ.

ಈ ಕಾನೂನುಗಳ ಹುಟ್ಟಿಗೂ ಮಲೆನಾಡಿನ ಮಳೆಗಾಲಕ್ಕೂ ಒಂದು ನಂಟಿದೆ, ಅದನ್ನು ಹೇಳಿ ಮುಂದೆ ಹೋಗುತ್ತೇನೆ. ಹತ್ತೊಂಬತ್ತನೇ ಶತಮಾನದ ನಡುಭಾಗದ ನಂತರ ಅಮೆರಿಕದಿಂದ ದ್ರಾಕ್ಷಿ ಗಿಡಗಳ ಜೊತೆ ಫಿಲೊಕ್ಸೆರಾ ಎಂಬ ಬೇರು ಹೇನು ಫ್ರಾನ್ಸಿಗೆ ಬಂತು. ಎರಡು ಮೂರು ದಶಕಗಳಲ್ಲಿ ಆ ದೇಶದ ದ್ರಾಕ್ಷಿ ತೋಟಗಳ ಬಹುಪಾಲು ಒಣಗಿದವು. ಹೇನು ಗಡಿ ದಾಟದಂತೆ ತಡೆಯಲು ಯುರೋಪಿನ ಕೆಲವು ದೇಶಗಳು 1878ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಒಪ್ಪಂದ ಮಾಡಿಕೊಂಡವು. ಗಿಡಗಳ ಆರೋಗ್ಯಕ್ಕಾಗಿ ದೇಶಗಳು ಸೇರಿ ಮಾಡಿಕೊಂಡ ಮೊದಲ ಒಪ್ಪಂದ ಅದು. ಹೇನಿಗೆ ಮದ್ದಾಗಿ ಅದನ್ನು ತಡೆದುಕೊಳ್ಳುವ ಅಮೆರಿಕದ ಬೇರುಗಳನ್ನೇ ತಂದು ಕಸಿ ಕಟ್ಟಿದರು. ಆ ಗಿಡಗಳ ಓಡಾಟದಲ್ಲಿ ಬೂಜು ರೋಗ ಬಂತು. ಬೋರ್ಡೋ ಸೀಮೆಯ ರೈತರು ದಾರಿಬದಿಯ ಹಣ್ಣು ಕದಿಯುವವರನ್ನು ಹೆದರಿಸಲು ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಎರಚುತ್ತಿದ್ದರು. ಎರಚಿದ ಸಾಲಿಗೆ ರೋಗ ತಗುಲಲಿಲ್ಲ. ಇದನ್ನು ಗಮನಿಸಿದ ಮಿಲ್ಲಾರ್ಡೆ ಎಂಬ ಸಸ್ಯವಿಜ್ಞಾನಿ 1885ರಲ್ಲಿ ಬೋರ್ಡೋ ದ್ರಾವಣವನ್ನು ಲೋಕಕ್ಕೆ ತಿಳಿಸಿದ.

ಅದೇ ದ್ರಾವಣವನ್ನು ಕೊಳೆರೋಗಕ್ಕೆ ಹೊಂದಿಸಿ ಕೊಟ್ಟವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್. ಅಡಿಕೆ ಮರದ ಕೊಳೆರೋಗದ ಬಗ್ಗೆ ಅವರ ವರದಿ 1910ರಲ್ಲಿ ಪ್ರಕಟವಾಯಿತು. ಅದಕ್ಕೆ ಮೊದಲು ಕೊನೆಗಳಿಗೆ ಕೊಟ್ಟೆ ಕಟ್ಟುವುದೇ ಇದ್ದ ಉಪಾಯ. ಇವತ್ತಿಗೂ ಜೂನ್ ಹತ್ತಿರ ಬಂದರೆ ಆಗುಂಬೆ, ನಗರ, ಕರೂರಿನ ಕಡೆ ಕೊನೆಗೌಡರಿಗೆ ಬಿಡುವಿಲ್ಲ, ಬಿಸಿಲು ಬಿಟ್ಟ ಹೊತ್ತಿನಲ್ಲಿ ಒಂದು ಕೊನೆಯೂ ತಪ್ಪದಂತೆ ಮದ್ದು ಹೊಡೆಯಬೇಕು. ಗಡಿಯ ತಪಾಸಣೆಯ ಕಾನೂನು, ತೋಟದ ಮೈಲುತುತ್ತ ಎರಡೂ ಒಂದೇ ಕಾಲದ, ಒಂದೇ ದೇಶದ ಸಂಕಟದಿಂದ ಬಂದವು. ಒಂದು ರೋಗವನ್ನು ಹೊರಗೆ ನಿಲ್ಲಿಸುವ ದಾರಿ, ಇನ್ನೊಂದು ಒಳಗೆ ಬಂದದ್ದರ ಜೊತೆ ಹೆಣಗುವ ದಾರಿ. ಮಲೆನಾಡಿಗೆ ಸಿಕ್ಕಿದ್ದು ಎರಡನೆಯದು.

ಈಗಿನ ನಿಯಮಗಳ ತಳಹದಿ ಎರಡು. 1951ರ ಅಂತರರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಪ್ಪಂದ ಒಂದು. 1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಜೊತೆ ಜಾರಿಗೆ ಬಂದ, ಮನುಷ್ಯ, ಪ್ರಾಣಿ, ಸಸ್ಯಗಳ ಆರೋಗ್ಯ ಕ್ರಮಗಳ ಒಪ್ಪಂದ ಇನ್ನೊಂದು. ಎರಡನೆಯದರ ತಿರುಳು ಸರಳ. ಪ್ರತಿ ದೇಶಕ್ಕೂ ತನ್ನ ಗಿಡಗಳನ್ನು ಕಾಯುವ ಹಕ್ಕಿದೆ, ಆದರೆ ಕ್ರಮಕ್ಕೆ ವಿಜ್ಞಾನದ ಆಧಾರ ಬೇಕು, ಅಗತ್ಯಕ್ಕಿಂತ ಬಿಗಿ ಇರಬಾರದು. ಆಚರಣೆಯಲ್ಲಿ ನಡೆಯುವುದು ಹೀಗೆ. ಹಣ್ಣು ಕಳಿಸಬೇಕೆನ್ನುವ ದೇಶ ಆ ಬೆಳೆಗೆ ತನ್ನಲ್ಲಿ ತಗಲುವ ಕೀಟ, ರೋಗಗಳ ಪಟ್ಟಿ ಕೊಡಬೇಕು. ಕೊಳ್ಳುವ ದೇಶ ಆ ಪಟ್ಟಿಯನ್ನು ಹಿಡಿದು ಅಪಾಯದ ವಿಶ್ಲೇಷಣೆ ಮಾಡುತ್ತದೆ, ಪ್ರತಿ ಕೀಟಕ್ಕೂ ಪರಿಹಾರ ಕೇಳುತ್ತದೆ, ತನ್ನ ತಜ್ಞರನ್ನು ತೋಟಕ್ಕೆ ಕಳಿಸುತ್ತದೆ, ಮತ್ತೆ ಪ್ರಶ್ನೆ ಕೇಳುತ್ತದೆ. ಇದಕ್ಕೆ ವರ್ಷಗಟ್ಟಲೆ ಹಿಡಿಯುತ್ತದೆ. ವಿಳಂಬಕ್ಕೆ ದಂಡವಿಲ್ಲ. ಬೇಡವೆನ್ನದೆ ತಡ ಮಾಡುತ್ತ ಹೋಗುವುದು ಶ್ರೀಮಂತ ದೇಶಗಳ ಕೈಯಲ್ಲಿರುವ ಅತ್ಯಂತ ಅಗ್ಗದ ನಿರ್ಬಂಧ ಎಂದು ನನಗೆ ಅನ್ನಿಸುತ್ತದೆ.

ನಮ್ಮ ಮಾವಿನ ಕಥೆಯನ್ನೇ ನೋಡಿ. ಹಣ್ಣು ನೊಣದ ಕಾರಣ ಕೊಟ್ಟು ಜಪಾನ್ 1986ರಲ್ಲಿ ಭಾರತದ ಮಾವನ್ನು ನಿಲ್ಲಿಸಿತು. ಬಾಗಿಲು ತೆರೆದದ್ದು 2006ರಲ್ಲಿ, ಅದೂ ಬಿಸಿ ಹಬೆಯ ಉಪಚಾರ ಮಾಡಿದ ಕೆಲವೇ ತಳಿಗಳಿಗೆ. ಅಮೆರಿಕ 1989ರಿಂದ ಬಾಗಿಲು ಮುಚ್ಚಿತ್ತು. 2006ರಲ್ಲಿ ಅಧ್ಯಕ್ಷ ಬುಷ್ ದೆಹಲಿಗೆ ಬಂದಾಗ ಅಣು ಒಪ್ಪಂದದ ಜೊತೆಯಲ್ಲೇ ಮಾವಿನ ಮಾತೂ ಆಯಿತು, ಮರುವರ್ಷ ಏಪ್ರಿಲ್‌ನಲ್ಲಿ ಮೊದಲ ಪೆಟ್ಟಿಗೆಗಳು ಹೋದವು. ಷರತ್ತು ಏನೆಂದರೆ ಹಣ್ಣಿಗೆ ಕನಿಷ್ಠ 400 ಗ್ರೇ ಪ್ರಮಾಣದ ವಿಕಿರಣ ಕೊಡಬೇಕು, ಅಮೆರಿಕದ ಕೃಷಿ ಇಲಾಖೆಯ ಪರೀಕ್ಷಕ ಇಲ್ಲಿಗೇ ಬಂದು ನಿಂತು ನೋಡಬೇಕು, ಆತನ ಬರುಹೋಗುವ ಖರ್ಚು ನಮ್ಮ ಕಡೆಯವರದೇ. ಕೊರೊನಾ ಕಾಲದಲ್ಲಿ ಆ ಪರೀಕ್ಷಕರು ಬರಲಾಗದೆ 2020 ಮತ್ತು 2021ರ ಎರಡು ಸುಗ್ಗಿ ಪೂರ್ತಿ ತಪ್ಪಿದವು. ಹಣ್ಣಿತ್ತು, ಕೊಳ್ಳುವವರಿದ್ದರು, ಯಂತ್ರವೂ ಇತ್ತು. ಸಹಿ ಹಾಕುವವರಿರಲಿಲ್ಲ.

ವಿಕಿರಣವೇ ಯಾಕೆ ಎಂಬುದಕ್ಕೆ ದಕ್ಷಿಣದ ತೋಟಗಳಲ್ಲಿ ಉತ್ತರವಿದೆ. ಹಣ್ಣು ನೊಣ ತಿರುಳಿನಲ್ಲಿ ಮೊಟ್ಟೆ ಇಡುತ್ತದೆ, ಅದಕ್ಕೆ ಬಿಸಿನೀರು ಸಾಕಾಗುತ್ತದೆ. ಓಟೆ ಕೊರೆಯುವ ದುಂಬಿ ಹಾಗಲ್ಲ. ಕಾಯಿ ಎಳೆಯದಾಗಿರುವಾಗಲೇ ಒಳಹೊಕ್ಕು ಓಟೆಯೊಳಗೆ ಬೆಳೆಯುತ್ತದೆ. ಹೊರಗೆ ಗುರುತೇ ಉಳಿದಿರುವುದಿಲ್ಲ, ತಿರುಳಿಗೆ ಹಾನಿಯೂ ಕಡಿಮೆ. ತಿನ್ನುವವನಿಗೆ ಗೊತ್ತೇ ಆಗದ ಹುಳು ಅದು. ಆದರೆ ಓಟೆಯ ಜೊತೆ ಮತ್ತೊಂದು ದೇಶದ ಮಣ್ಣಿಗೆ ಬಿದ್ದರೆ ಅಲ್ಲಿ ನೆಲೆಯೂರುತ್ತದೆ ಎಂಬುದು ಭಯ. ವಿಕಿರಣ ಅದನ್ನು ಸಂತಾನವಿಲ್ಲದಂತೆ ಮಾಡುತ್ತದೆ. ಕರ್ನಾಟಕದ ಮಾವಿಗಾಗಿ ಕೋಲಾರ ಜಿಲ್ಲೆಯ ಮಾಲೂರಿನಲ್ಲಿ ಇಂಥ ಘಟಕವಿದೆ. ಧಾರವಾಡದ ಆಪೂಸು ಬೆಳೆದವನು ಅಮೆರಿಕಕ್ಕೆ ಕಳಿಸಬೇಕೆಂದರೆ ಮೊದಲು ರಾಜ್ಯವನ್ನು ಅಡ್ಡ ಹಾಯಬೇಕು.

ಯುರೋಪಿನದು ಬೇರೆ ಕಥೆ. 2013ರಲ್ಲಿ ಭಾರತದಿಂದ ಹೋದ ಹಣ್ಣು ತರಕಾರಿಯ 207 ಸರಕುಗಳಲ್ಲಿ ಕೀಟಗಳು ಸಿಕ್ಕವೆಂದು ಯುರೋಪಿಯನ್ ಒಕ್ಕೂಟ 2014ರ ಮೇ 1ರಿಂದ ಮಾವು, ಬದನೆ, ಹಾಗಲ, ಪಡುವಲ, ಕೆಸುವಿಗೆ ನಿಷೇಧ ಹೇರಿತು. ಮಾವಿನ ಸುಗ್ಗಿಯ ನಡುವೆಯೇ ಬಂದ ನಿಷೇಧ. ವಿಮಾನ ಹತ್ತಬೇಕಿದ್ದ ಹಣ್ಣು ಊರ ಪೇಟೆಗೆ ಬಿತ್ತು. ಬ್ರಿಟನ್ನಿನ ಭಾರತೀಯ ಅಂಗಡಿಗಳವರು ನಮಗಿಂತ ಜೋರಾಗಿ ಗಲಾಟೆ ಮಾಡಿದರು. 48 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಅದ್ದುವ ವ್ಯವಸ್ಥೆ, ಸರ್ಕಾರ ಒಪ್ಪಿದ ಪ್ಯಾಕ್‌ಹೌಸುಗಳು, ನೋಂದಾಯಿತ ತೋಟಗಳು ಎಲ್ಲ ಆದಮೇಲೆ 2015ರ ಜನವರಿಯಲ್ಲಿ ಮಾವಿನ ನಿಷೇಧ ತೆಗೆದರು. ಇಲ್ಲಿ ಒಂದು ಮಾತನ್ನು ಒಪ್ಪಲೇಬೇಕು. ಆ ಸಲ ತಪ್ಪು ನಮ್ಮ ಕಡೆಯದಾಗಿತ್ತು. ಹುಳುಕು ಕಾಯಿಯನ್ನು ಪೆಟ್ಟಿಗೆಗೆ ತುಂಬಿ, ಸರಕಿನಲ್ಲಿ ಕೀಟ, ರೋಗ ಇಲ್ಲವೆಂದು ಹೇಳುವ ಫೈಟೋ ಸರ್ಟಿಫಿಕೇಟಿಗೆ ಕಣ್ಣುಮುಚ್ಚಿ ಮೊಹರು ಒತ್ತಿದ್ದರ ಫಲ ಅದು. ನಿಷೇಧ ಬಂದ ಮೇಲೆಯೇ ಪ್ಯಾಕ್‌ಹೌಸಿನ ಶಿಸ್ತು ಬಂದದ್ದು.

ಈ ಶಿಸ್ತಿಗೆ ಎಷ್ಟು ಖರ್ಚು ಎನ್ನುವುದಕ್ಕಿಂತ ಖರ್ಚಿನ ಬಗೆ ಯಾವುದು ಎಂಬುದು ಮುಖ್ಯ. ಬಿಸಿನೀರಿನ ತೊಟ್ಟಿ, ಶೀತಲ ಕೋಣೆ, ವಿಕಿರಣ ಘಟಕ ಎಲ್ಲವೂ ಮೊದಲೇ ಹಾಕಬೇಕಾದ ಬಂಡವಾಳ. ನೂರು ಟನ್ ಕಳಿಸುವವನಿಗೆ ಕಿಲೋಗೆ ಚಿಲ್ಲರೆ ಕಾಸು ಬೀಳುವುದು ಅರ್ಧ ಟನ್ನಿನವನಿಗೆ ಹಣ್ಣಿನ ಬೆಲೆಯನ್ನೇ ಮೀರುತ್ತದೆ. ಹಾಗಾಗಿ ಸಣ್ಣ ಬೆಳೆಗಾರ ನೇರ ರಫ್ತಿನಿಂದ ಹೊರಬೀಳುತ್ತಾನೆ, ದೊಡ್ಡ ರಫ್ತುದಾರ ಆರಿಸಿ ಕೊಳ್ಳುತ್ತಾನೆ, ಆರಿಸಿ ಉಳಿದದ್ದು ಊರ ಮಂಡಿಗೆ. ಕಠಿಣ ನಿಯಮ ಬಂದಲ್ಲೆಲ್ಲ ರಫ್ತು ಕೆಲವೇ ಕೈಗಳಲ್ಲಿ ಸೇರುವುದು ಕೀನ್ಯಾದ ತರಕಾರಿಯಿಂದ ನಮ್ಮ ಮಾವಿನವರೆಗೆ ಕಾಣುವ ಸಂಗತಿ. ಇನ್ನೊಂದು ಪರಿಣಾಮ, ಸರಕು ಸುಲಭದ ಬಾಗಿಲಿನ ಕಡೆ ಹರಿಯುವುದು. ವರ್ಷಕ್ಕೆ ಎರಡು ಕೋಟಿ ಟನ್ನಿಗೂ ಹೆಚ್ಚು ಮಾವು ಬೆಳೆಯುವ ಭಾರತ 2023-24ರಲ್ಲಿ ಹೊರಗೆ ಕಳಿಸಿದ ತಾಜಾ ಹಣ್ಣು ಸುಮಾರು 32 ಸಾವಿರ ಟನ್. ಅದರಲ್ಲಿ ದೊಡ್ಡ ಪಾಲು ಹೋಗುವುದು ಇಂಥ ಉಪಚಾರಗಳನ್ನು ಕೇಳದ ಕೊಲ್ಲಿ ದೇಶಗಳಿಗೆ, ಕಡಿಮೆ ಬೆಲೆಗೆ.

ಕಾಗದದ ಅಪಾಯವೂ ಇದೆ. 2025ರ ಮೇ ತಿಂಗಳಲ್ಲಿ ನವಿ ಮುಂಬೈಯಲ್ಲಿ ವಿಕಿರಣಕ್ಕೆ ಒಳಪಟ್ಟ ಮಾವಿನ 15 ಸರಕುಗಳನ್ನು ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ತಡೆದರು. ಹಣ್ಣಿನಲ್ಲಿ ಹುಳು ಇತ್ತೆಂದು ಯಾರೂ ಹೇಳಲಿಲ್ಲ, ಉಪಚಾರದ ದಾಖಲೆಯ ನಮೂನೆ ಸರಿಯಿಲ್ಲ ಎಂಬುದಷ್ಟೇ ತಕರಾರು. ಹಿಂದಕ್ಕೆ ತರಿಸಿಕೊಳ್ಳಿ ಇಲ್ಲವೇ ಅಲ್ಲೇ ನಾಶ ಮಾಡಿ ಎಂದರು. ತರಿಸಿಕೊಳ್ಳುವ ಬಾಡಿಗೆ ಹಣ್ಣಿನ ಬೆಲೆಗಿಂತ ಹೆಚ್ಚು. ರಫ್ತುದಾರರು ಲೆಕ್ಕ ಹಾಕಿದ ನಷ್ಟ ಸುಮಾರು 5 ಲಕ್ಷ ಡಾಲರ್.

ಅನ್ಯಾಯವಾದರೆ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ದೂರು ಕೊಡಬಹುದಲ್ಲ ಎಂದು ಕೇಳಬಹುದು. ಕೊಟ್ಟವರಿದ್ದಾರೆ, ಗೆದ್ದವರೂ ಇದ್ದಾರೆ. ನ್ಯೂಜಿಲೆಂಡಿನ ಸೇಬಿಗೆ ಬೆಂಕಿರೋಗವಿದೆ ಎಂದು ಆಸ್ಟ್ರೇಲಿಯಾ 1921ರಿಂದ ಬಾಗಿಲು ಹಾಕಿತ್ತು. 2010ರಲ್ಲಿ ತೀರ್ಪು ನ್ಯೂಜಿಲೆಂಡಿನ ಪರ ಬಂತು, 2011ರಲ್ಲಿ ಸೇಬು ಹೋಯಿತು. ನಡುವೆ ತೊಂಬತ್ತು ವರ್ಷ. ಅದೇ ರೋಗದ ಹೆಸರಿನಲ್ಲಿ ಜಪಾನ್ ಅಮೆರಿಕದ ಸೇಬಿಗೆ ತೋಟದ ಸುತ್ತ 500 ಮೀಟರಿನ ಖಾಲಿ ಪಟ್ಟಿ, ವರ್ಷಕ್ಕೆ ಮೂರು ತಪಾಸಣೆ ಎಂದೆಲ್ಲ ಕೇಳಿತ್ತು. 2003ರಲ್ಲಿ ಅಮೆರಿಕ ಗೆದ್ದಿತು, ಆದರೂ ಜಪಾನಿಗೆ ಅಮೆರಿಕದ ಸೇಬಿನ ವ್ಯಾಪಾರ ಬೆಳೆಯಲಿಲ್ಲ. ಅಷ್ಟರಲ್ಲಿ ಅಲ್ಲಿನ ಗಿರಾಕಿಗೆ ಬೇರೆ ಹಣ್ಣು ರೂಢಿಯಾಗಿತ್ತು. ಅಮೆರಿಕದಂಥ ದೇಶದ ಪಾಡೇ ಇದಾದರೆ ಉಳಿದವರ ಮಾತು ಬಿಡಿ.

ಮೆಕ್ಸಿಕೋದ ಬೆಣ್ಣೆಹಣ್ಣಿನದು ಬಾಗಿಲು ತೆರೆದ ಕಥೆ. 1914ರಲ್ಲಿ ಬೀಜ ಕೊರೆಯುವ ದುಂಬಿಯ ಕಾರಣಕ್ಕೆ ಅಮೆರಿಕ ಮುಚ್ಚಿದ್ದ ಬಾಗಿಲನ್ನು 1997ರಲ್ಲಿ ಚಳಿಗಾಲಕ್ಕೆ, ಕೆಲವೇ ರಾಜ್ಯಗಳಿಗೆ ತೆರೆಯಿತು, 2007ರ ಹೊತ್ತಿಗೆ ಎಲ್ಲೆಡೆಗೆ. ಮಿಚೊಆಕಾನ್ ಪ್ರಾಂತದಲ್ಲಿ ದುಡ್ಡು ಹರಿಯಿತು, ಬೆನ್ನಿಗೇ ಪೈನ್ ಕಾಡು ಕಡಿದು ತೋಟ ಎಬ್ಬಿಸುವುದೂ, ಸುಲಿಗೆ ಗುಂಪುಗಳ ಹಾವಳಿಯೂ ಬಂದವು. 2022ರ ಫೆಬ್ರವರಿಯಲ್ಲಿ ಅಮೆರಿಕದ ಪರೀಕ್ಷಕರೊಬ್ಬರಿಗೆ ಬೆದರಿಕೆ ಬಂತೆಂದು ಆಮದನ್ನೇ ಒಂದು ವಾರ ನಿಲ್ಲಿಸಿದ್ದರು. ಬ್ಯಾಣ, ಸೊಪ್ಪಿನಬೆಟ್ಟಗಳ ಮೇಲೆ ಶುಂಠಿ, ಅನಾನಸಿನ ಗುತ್ತಿಗೆ ಬೇಸಾಯ ಏನು ಮಾಡುತ್ತದೆಂದು ಕಂಡವರಿಗೆ ಮೆಕ್ಸಿಕೋದ ಈ ಭಾಗ ಅರ್ಥವಾಗಲು ಹೆಚ್ಚು ವಿವರಣೆ ಬೇಡ.

ಈಗ ನಮ್ಮ ಊರುಗಳಿಗೆ ಬರೋಣ. ಹಣ್ಣನ್ನು ಹಸಿಯಾಗಿ ಕಳಿಸಿದರೆ ಹುಳುವಿನ ನಿಯಮ ಪೂರ್ತಿ ಬಿಗಿ, ರೂಪ ಬದಲಿಸಿ ಕಳಿಸಿದರೆ ಬಹುಮಟ್ಟಿಗೆ ಸಡಿಲ. ಮಲೆನಾಡು ತಿಳಿದೋ ತಿಳಿಯದೆಯೋ ಈ ಎರಡನೆಯ ದಾರಿಯನ್ನೇ ಹಿಡಿದಿದೆ. ಅಪ್ಪೆಮಿಡಿಯೂ ಮಾವೇ. ಶರಾವತಿ, ವರದಾ, ಕುಮುದ್ವತಿಯ ದಡಗಳಲ್ಲಿ, ಕಾಡಂಚಿನ ಹಳ್ಳಗಳಲ್ಲಿ ಬೆಳೆದ ಮರಗಳಿಂದ ತೊಟ್ಟು ಮುರಿಯದಂತೆ, ಸೊನೆ ಉಳಿಯುವಂತೆ ಇಳಿಸಿದ ಮಿಡಿ ರಿಪ್ಪನ್‌ಪೇಟೆ, ಸಾಗರದ ಪೇಟೆಗೆ ಬರುತ್ತದೆ. ಅನಂತಭಟ್ಟನ ಅಪ್ಪೆ, ಮಾಳಂಜಿ, ಹಳದೋಟ ಎಂದು ಮರಮರಕ್ಕೂ ಹೆಸರು, ಪರಿಮಳಕ್ಕೆ ತಕ್ಕ ಬೆಲೆ. 2009ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಉಪ್ಪಿನಲ್ಲಿ ಚಿರುಟಿ ಉಪ್ಪಿನಕಾಯಿಯಾದ ಮೇಲೆ ಅದರಲ್ಲಿ ಯಾವ ನೊಣವೂ ಬದುಕಿರುವುದಿಲ್ಲ, ಯಾವ ದುಂಬಿಯೂ ಮೊಳೆಯುವುದಿಲ್ಲ. ವಿದೇಶದ ನಿಲ್ದಾಣದಲ್ಲಿ ಒಂದು ಹಸಿ ಮಾವಿನಹಣ್ಣನ್ನು ಕಸಿದು ಬುಟ್ಟಿಗೆ ಹಾಕುವ ಅಧಿಕಾರಿ ಮುಚ್ಚಿದ ಉಪ್ಪಿನಕಾಯಿ ಬಾಟಲಿಯನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾನೆ. ಮಲೆನಾಡಿನ ಮಕ್ಕಳನ್ನು ಹೊರದೇಶಕ್ಕೆ ಕಳಿಸಿದ ಮನೆಗಳಿಗೆ ಇದು ಯಾವ ಕಾನೂನು ಓದದೆಯೂ ಗೊತ್ತು.

ಇದೇ ದಾರಿಯನ್ನು ದೊಡ್ಡ ಪ್ರಮಾಣದಲ್ಲಿ ಹಿಡಿದದ್ದು ಕರ್ನಾಟಕದ ಮಿಡಿಸೌತೆ. 1990ರ ದಶಕದ ಆರಂಭದಲ್ಲಿ ಶುರುವಾದ ಬೆಳೆ. ಊರಿನಲ್ಲಿ ತಿನ್ನುವವರೇ ಇಲ್ಲ, ಎಲ್ಲವೂ ಉಪ್ಪುನೀರಿನಲ್ಲೋ ವಿನೆಗರ್‌ನಲ್ಲೋ ಮುಳುಗಿ ಹಡಗು ಹತ್ತುತ್ತದೆ. 2021-22ರ ಮೊದಲ ಏಳು ತಿಂಗಳಲ್ಲೇ ದೇಶದಿಂದ 1.23 ಲಕ್ಷ ಟನ್, 11.4 ಕೋಟಿ ಡಾಲರ್ ಮೌಲ್ಯದ ಮಿಡಿಸೌತೆ ಹೊರಹೋಯಿತು. ಅದೇ ಅವಧಿಯ ಸುತ್ತಮುತ್ತ ಹಣ್ಣುಗಳ ರಾಜನೆಂದು ಕರೆಸಿಕೊಂಡ ತಾಜಾ ಮಾವು ಇಡೀ ವರ್ಷಕ್ಕೂ ಅಷ್ಟು ತರಲಿಲ್ಲ. ಕೀಟದ ಭಯ ಇಲ್ಲದ ಸರಕು ಎಷ್ಟು ಸಲೀಸಾಗಿ ಸಾಗುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ರಾಜ್ಯದಲ್ಲಿ ಇನ್ನೊಂದಿಲ್ಲ.

ಅನಾನಸಿನ ವಿಷಯದಲ್ಲಿ ಒಂದು ಅಚ್ಚರಿ ಇದೆ. ಯುರೋಪಿಯನ್ ಒಕ್ಕೂಟ 2019ರ ಡಿಸೆಂಬರ್ 14ರಿಂದ ಬಹುತೇಕ ಎಲ್ಲ ತಾಜಾ ಹಣ್ಣಿಗೂ ಫೈಟೋ ಸರ್ಟಿಫಿಕೇಟ್ ಕಡ್ಡಾಯ ಮಾಡಿತು. ಐದು ಹಣ್ಣುಗಳನ್ನು ಮಾತ್ರ ಬಿಟ್ಟಿತು: ಬಾಳೆ, ತೆಂಗು, ಖರ್ಜೂರ, ದುರಿಯನ್ ಮತ್ತು ಅನಾನಸ್. ಚೀನಾ ತೈವಾನಿಗೆ ಬಾಗಿಲು ಹಾಕಿದ್ದು ಯಾವ ಹಣ್ಣಿಗೋ ಅದಕ್ಕೇ ಯುರೋಪು ಕಾಗದವನ್ನೂ ಕೇಳುವುದಿಲ್ಲ. ಅಲ್ಲಿ ಅನಾನಸ್ ಬೆಳೆಯುವವರು ತೀರ ವಿರಳ, ಅದರ ಕೀಟ ಅಲ್ಲಿನ ಚಳಿಯಲ್ಲಿ ಬೆಳೆಗಳಿಗೆ ಅಪಾಯವಲ್ಲ ಎಂಬುದು ಕಾರಣ. ಹಾಗಿದ್ದರೆ ಸಾಗರದ ಅನಾನಸ್ ಯುರೋಪಿಗೆ ಏಕೆ ಹೋಗುವುದಿಲ್ಲ? ಅಡ್ಡಿ ನಿಯಮದ್ದಲ್ಲ. ಜಗತ್ತಿನ ತಾಜಾ ಅನಾನಸಿನ ವ್ಯಾಪಾರವನ್ನು ಕೋಸ್ಟಾ ರಿಕಾದಿಂದ ಹಡಗೇರುವ ಎಂಡಿ-2 ಎಂಬ ತಳಿ ಆಳುತ್ತಿದೆ. ನಮ್ಮಲ್ಲಿ ಹೆಚ್ಚಾಗಿ ಇರುವುದು ರಸ, ಡಬ್ಬಿಗೆ ಹೇಳಿಸಿದ ಕ್ಯೂ ತಳಿ. ತೋಟದಿಂದ ಬಂದರಿನವರೆಗೆ ತಂಪು ಸರಪಳಿಯಿಲ್ಲ. ಬೆಳೆಯುವವರಲ್ಲಿ ಅನೇಕರು ಕೆಲವು ವರ್ಷದ ಗುತ್ತಿಗೆಗೆ ನೆಲ ಹಿಡಿದವರು, ದೀರ್ಘಕಾಲದ ನೋಂದಣಿ, ದಾಖಲೆಗಳಲ್ಲಿ ಅವರಿಗೆ ಆಸಕ್ತಿ ಹುಟ್ಟುವುದು ಕಷ್ಟ. ಉತ್ತರ ಭಾರತದ ಲಾರಿ ಹೊಲದ ಅಂಚಿಗೇ ಬಂದು ನಿಲ್ಲುತ್ತದೆ. 2020ರ ಲಾಕ್‌ಡೌನಿನಲ್ಲಿ ಆ ಲಾರಿಗಳು ಬರದೆ ಹಣ್ಣು ಹೊಲದಲ್ಲೇ ಕೊಳೆತಾಗ ಬೇರೆ ದಾರಿಯೇ ಇಲ್ಲವೆಂಬುದು ಗೊತ್ತಾಯಿತು, ಮುಂದಿನ ವರ್ಷ ಮರೆತೂ ಹೋಯಿತು. ವಿದೇಶಿ ನಿಯಮವನ್ನು ದೂರುವ ಮೊದಲು ಈ ಬಾಗಿಲು ತೆರೆದೇ ಇದೆ ಎಂಬುದನ್ನು ನಾವು ತಿಳಿದುಕೊಳ್ಳಬೇಕು.

ಇಲ್ಲಿಂದ ಹೊರಹೋಗುತ್ತಿದ್ದ ಅಡಿಕೆ ಹಾಳೆ ತಟ್ಟೆಯ ವಿಚಾರ ಸಸ್ಯ ಆರೋಗ್ಯದ್ದಲ್ಲ, ಆಹಾರ ಸುರಕ್ಷತೆಯದು. ಆದರೆ ಪೆಟ್ಟು ಒಂದೇ ತರಹದ್ದು. ಅಡಿಕೆ ಹಾಳೆಯ ತಟ್ಟೆಯಿಂದ ಅಡಿಕೆಯ ಆಲ್ಕಲಾಯ್ಡುಗಳು ಊಟಕ್ಕೆ ಇಳಿಯಬಹುದು, ಹಾಗಾಗಿ ಅವನ್ನು ಊಟಕ್ಕೆ ಬಳಸುವಂತಿಲ್ಲ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2025ರ ಮೇ ತಿಂಗಳಲ್ಲಿ ಹೇಳಿತು. ತೋಟದಲ್ಲಿ ಬಿದ್ದ ಹಾಳೆಗೆ ಬೆಲೆ ಕಟ್ಟಿದ್ದ, ಹೆಂಗಸರಿಗೆ ಕೂಲಿ ಕೊಟ್ಟಿದ್ದ ಸಣ್ಣ ಘಟಕಗಳಿಗೆ ಆ ಪೇಟೆ ಹೋಯಿತು. ಒಂದೇ ದೇಶವನ್ನು ನೆಚ್ಚಿದ್ದು ತೈವಾನಿನವರ ತಪ್ಪೂ ಹೌದು, ಇವರದೂ ಹೌದು.

ಇನ್ನು ನಾವೇ ಕಾವಲು ನಿಂತ ಕಥೆ. ಅಡಿಕೆಗೆ ಹೊರದೇಶದ ಪೈಪೋಟಿ ತಡೆಯಲು ಕೇಂದ್ರ ಸರ್ಕಾರ ಕನಿಷ್ಠ ಆಮದು ಬೆಲೆ ಇಟ್ಟಿದೆ. ಕಿಲೋಗೆ 251 ರೂಪಾಯಿ ಇದ್ದದ್ದನ್ನು 2023ರ ಫೆಬ್ರವರಿಯಲ್ಲಿ 351ಕ್ಕೆ ಏರಿಸಿದರು. ಅದಕ್ಕೆ ಕೆಲವು ತಿಂಗಳ ಮೊದಲು, 2022ರ ಸೆಪ್ಟೆಂಬರಿನಲ್ಲಿ, ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಈ ಬೆಲೆಯ ಕಟ್ಟಿಲ್ಲದೆ ತರಲು ಅನುಮತಿ ಕೊಟ್ಟಿದ್ದರು. ಮಲೆನಾಡು, ಕರಾವಳಿ ಎರಡೂ ಕಡೆ ಸಿಟ್ಟು ಎದ್ದಿತು. ಬೆಲೆ ಬೀಳುತ್ತದೆ ಎಂಬುದು ಒಂದು ವಾದ, ಹಸಿ ಕಾಯಿಯ ಜೊತೆ ರೋಗ ಬರುತ್ತದೆ ಎಂಬುದು ಇನ್ನೊಂದು. ಆಗ ತೀರ್ಥಹಳ್ಳಿಯ ಶಾಸಕ, ಗೃಹಸಚಿವರೂ ಆಗಿದ್ದ ಆರಗ ಜ್ಞಾನೇಂದ್ರ ಅಡಿಕೆ ಕಾರ್ಯಪಡೆಯ ಅಧ್ಯಕ್ಷರು, ದೆಹಲಿಯವರೆಗೂ ಮಾತು ಹೋಯಿತು. ಲೆಕ್ಕದಲ್ಲಿ 17,000 ಟನ್ ದೊಡ್ಡದಲ್ಲ. ಹಸಿ ಕಾಯಿ ಸುಲಿದು, ಬೇಯಿಸಿ, ಒಣಗಿಸಿದರೆ ತೂಕ ಎಷ್ಟೋ ಪಾಲು ಇಳಿಯುತ್ತದೆ. ಒಣ ಅಡಿಕೆಗಿಂತ ಹಸಿ ಕಾಯಿಯಲ್ಲಿ ರೋಗ ಸಾಗುವ ಸಂಭವ ಹೆಚ್ಚು ಎಂಬ ವಾದದಲ್ಲಿ ಹುರುಳಿದೆ. ಆದರೆ ನಿಜ ಹೇಳಬೇಕೆಂದರೆ, ಬೆಲೆ ಕಿಲೋಗೆ ಸಾವಿರ ರೂಪಾಯಿ ನಿಂತಿದ್ದಿದ್ದರೆ ನಮ್ಮಲ್ಲಿ ಯಾರೂ ಶಿಲೀಂಧ್ರದ ಮಾತೆತ್ತುತ್ತಿರಲಿಲ್ಲ. ಜಪಾನಿನ ಸೇಬು ಬೆಳೆಗಾರನ ಮನಸ್ಸು ಹೇಗೆ ಕೆಲಸ ಮಾಡುತ್ತದೆಂದು ಇದರಿಂದ ತಿಳಿಯುತ್ತದೆ.

ಭಾರತ ದೇಶವಾಗಿಯೂ ಇದೇ ಆಟ ಆಡಿದೆ. ಚೀನಾದ ಸೇಬನ್ನು 2017ರಲ್ಲಿ ಕೀಟದ ಕಾರಣಕ್ಕೆ ನಿಲ್ಲಿಸಿತು. ಅದೇ ವರ್ಷ ನಮ್ಮ ಕಡಲೆಕಾಯಿಯಲ್ಲಿ ಹುಳು ಇದೆಯೆಂದು ವಿಯೆಟ್ನಾಂ ತಡೆದಾಗ, ನಾವು ಅವರ ಕಾಳುಮೆಣಸು, ಕಾಫಿ, ಡ್ರ್ಯಾಗನ್ ಫ್ರೂಟ್ ಮುಂತಾದವನ್ನು ತಡೆದೆವು. ಎರಡೂ ಕಡೆಯವರು ಮಾತಾಡಿಕೊಂಡ ಮೇಲೆ ತಡೆ ಸಡಿಲವಾಯಿತು. ಹುಳುಗಳು ಎಲ್ಲಿದ್ದವೋ ಅಲ್ಲೇ ಇದ್ದವು.

ಹೊರಗಿನ ರೋಗಕ್ಕೆ ಇಷ್ಟು ಹೆದರುವ ನಾವು ಒಳಗಿನದಕ್ಕೆ ಏನು ಮಾಡಿದ್ದೇವೆ ಎಂಬುದು ನನ್ನ ನಿಜವಾದ ಪ್ರಶ್ನೆ. ಅಡಿಕೆಯ ಎಲೆಚುಕ್ಕಿ ರೋಗ ಭೂತಾನಿನ ಕಾಯಿಗಾಗಿ ಕಾದಿರಲಿಲ್ಲ. ಅನುಮತಿಯ ಸುದ್ದಿ ಬರುವ ಮೊದಲೇ ಅದು ಆಗುಂಬೆ, ನಗರ ಹೋಬಳಿಯ ತೋಟಗಳಲ್ಲಿತ್ತು, ಶರಾವತಿ ಹಿನ್ನೀರಿನಾಚೆಯ ಕರೂರು, ಭಾರಂಗಿಯಲ್ಲೂ ಎಲೆ ಕರಕಲಾಗಿಸಿತು. ಮರ ಎತ್ತರ, ಮಳೆ ಬಿಡುವುದಿಲ್ಲ, ಪಕ್ಕದವನ ತೋಟಕ್ಕೆ ಮದ್ದು ಬೀಳದಿದ್ದರೆ ನಮ್ಮದಕ್ಕೆ ಹೊಡೆದೂ ಫಲವಿಲ್ಲ. ರೋಗ ಇರುವ ಕಡೆಯಿಂದ ಅಡಿಕೆ ಸಸಿ ಬಯಲುಸೀಮೆಯ ಹೊಸ ತೋಟಗಳಿಗೆ ಲಾರಿಗಟ್ಟಲೆ ಹೋಗುತ್ತದೆ. ತಾಲ್ಲೂಕಿನ ಗಡಿಯಲ್ಲಿ ಸಸಿಯ ಎಲೆ ತಿರುಗಿಸಿ ನೋಡುವವರು ಒಬ್ಬರೂ ಇಲ್ಲ. ಮೆಕ್ಕೆಜೋಳದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರ ಮೇ ತಿಂಗಳಲ್ಲಿ, ಇದೇ ಶಿವಮೊಗ್ಗದಲ್ಲಿ, ಇಲ್ಲಿನ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದ ವಿಜ್ಞಾನಿಗಳ ಕಣ್ಣಿಗೆ. ಹುಡುಕುವ ಕಣ್ಣು ನಮ್ಮಲ್ಲಿದೆ ಎಂಬುದಕ್ಕೆ ಅದು ಪುರಾವೆ. ಆದರೆ ಕಂಡ ಮೇಲೆ ತಡೆಯುವ ಕೈ ಇರಲಿಲ್ಲ; ಒಂದೆರಡು ವರ್ಷದಲ್ಲಿ ಹುಳು ದೇಶವನ್ನೇ ಆವರಿಸಿತು.

ಎಲ್ಲವನ್ನೂ ನೋಡಿದರೆ ನನ್ನ ತೀರ್ಮಾನ ಇಷ್ಟು. ಕೊಳ್ಳುವ ದೇಶದ ಸಸ್ಯ ಆರೋಗ್ಯ ನಿಯಮ ಬಡ ದೇಶಕ್ಕೆ ಭಾರ ಎಂಬುದು ನಿಜ, ಆದರೆ ಆ ಭಾರದ ದೊಡ್ಡ ಪಾಲು ನಿಯಮದಿಂದಲ್ಲ, ಸಿದ್ಧತೆ ಇಲ್ಲದ್ದರಿಂದ ಬಂದದ್ದು. ಕೀಟ, ರೋಗದ ದಾಖಲೆ ಇಲ್ಲದ ದೇಶ ಮಾತುಕತೆಯಲ್ಲಿ ಬರಿಗೈಯಲ್ಲಿ ಕೂರುತ್ತದೆ. ಎದುರಿನವನು ಹೇಳಿದ ಉಪಚಾರಕ್ಕೆ ಒಪ್ಪುತ್ತದೆ. ಖರ್ಚು ರಫ್ತುದಾರನ ಮೇಲೆ ಬೀಳುತ್ತದೆ, ಅವನು ಅದನ್ನು ಬೆಳೆಗಾರನ ಮೇಲೆ ಹಾಕುತ್ತಾನೆ. ದಾಖಲೆ ಇರುವ ದೇಶ, ಈ ಪ್ರದೇಶದಲ್ಲಿ ಈ ಹುಳು ಇಲ್ಲ, ಇಲ್ಲಿಗೆ ಈ ಉಪಚಾರ ಬೇಡ ಎಂದು ವಾದಿಸಬಲ್ಲದು. 1995ರ ಒಪ್ಪಂದವೇ ಪ್ರದೇಶವಾರು ವಿನಾಯಿತಿಗೆ ಅವಕಾಶ ಕೊಟ್ಟಿದೆ.

ಹೀಗಾಗಿ ಕೇಳಬೇಕಾದ್ದನ್ನು ದೆಹಲಿಯ ವಾಣಿಜ್ಯ ಇಲಾಖೆಗೆ ಕೇಳುವ ಮೊದಲು ಹತ್ತಿರದಲ್ಲೇ ಕೇಳಬಹುದು. ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ಇರುವುದು ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ. ಮೂರು ತಾಲ್ಲೂಕಿನ ಹಲಸು, ಅನಾನಸ್, ಮುರುಗಲು, ಅಪ್ಪೆಮಿಡಿಗೆ ತಗಲುವ ಕೀಟ, ರೋಗಗಳ ಪಟ್ಟಿಯನ್ನು ತಿಂಗಳುವಾರು, ಹೋಬಳಿವಾರು ಬರೆದಿಡುವ ಕೆಲಸ ಅಲ್ಲಿ ಶುರುವಾಗಲಿ. ಅಡಿಕೆ ಸಸಿ ಮಾರುವ ಪ್ರತಿ ನರ್ಸರಿಗೂ ರೋಗಮುಕ್ತ ಎಂಬ ಚೀಟಿ ಕಡ್ಡಾಯವಾಗಲಿ. ಅಡಿಕೆ ಸೊಸೈಟಿಗಳು ತಮ್ಮ ಸದಸ್ಯರ ತೋಟಗಳನ್ನು ಈ ಲೆಕ್ಕಕ್ಕೆ ಒಪ್ಪಿಸಲಿ. ಇದಕ್ಕೆ ವಿಕಿರಣ ಘಟಕದಷ್ಟು ದುಡ್ಡು ಬೇಡ, ಐದಾರು ವರ್ಷ ಬಿಡದೆ ಮಾಡುವ ಜನ ಬೇಕು. ಮಾವಿಗೆ ಅಮೆರಿಕದ ಬಾಗಿಲು ಮತ್ತೆ ತೆರೆಯಲು ಹದಿನೆಂಟು ವರ್ಷ ಹಿಡಿಯಿತು. ಹಲಸಿನ ಲೆಕ್ಕವನ್ನು ಈ ಮಳೆಗಾಲದಿಂದಲೇ ಬರೆಯಲು ಶುರು ಮಾಡಬೇಕು.